ಮೈಕ್ ಒಲ್ಲೆ ಅಂದಿಯಂತೆ

ಪ್ರೀತಿಯ ದೋಸ್ತ,

ಊರಿನ ಟೆನಿಸ್ ಬಾಲ್ ಟೂರ್ನಮೆಂಟಿಗೆ ಕಾಮೆಂಟ್ರಿ ಹೇಳು ಅಂತ ಹುಡುಗರು ಕೇಳಿದರೆ ಒಲ್ಲೆ ಅಂದಿಯಂತೆ. ಭುಜ ಕೈಕೊಟ್ಟಿತು, ಬೌಲಿಂಗ್ ಬಿಟ್ಟೆ, ಒಪ್ಪಿದೆ. ಆದರೆ 'ನನ್ನ ಭಾಷಾ ಮೈಕಿಗೆ ಒಗ್ಗೂದಿಲ್ಲ' ಅನ್ನೋದು ಯಾವ ಸೀಮೆ ನೆಪ? ಡಿಜ್ಜಿ ಡೀನ್ ಕಥೆ ಕೇಳು.

ಅಮೆರಿಕದ ಆರ್ಕನ್ಸಾದವನು. ಹತ್ತಿ ಬಿಡಿಸುವ ಬಡವರ ಮನೆಯ ಹುಡುಗ, ಶಾಲೆಗೆ ಹೋದದ್ದು ಅಷ್ಟಕ್ಕಷ್ಟೇ. ಬೇಸ್‌ಬಾಲ್‌ನಲ್ಲಿ ಸೇಂಟ್ ಲೂಯಿಸ್ ಕಾರ್ಡಿನಲ್ಸ್ ತಂಡದ ಪಿಚರ್ ಆದ. ಪಿಚರ್ ಅಂದರೆ ನಿನ್ನ ಹಾಗೆ ಬೌಲರ್ರೇ ಅನ್ನು. ಓಡಿ ಬರುವ ಹಾಗಿಲ್ಲ, ಸಣ್ಣ ದಿಬ್ಬದ ಮೇಲಿಂದ ಬೀಸಬೇಕು ಅಷ್ಟೇ. ಅಲ್ಲಿ ತಂಡ ಗೆದ್ದರೆ ಆ ಗೆಲುವನ್ನು ಒಬ್ಬ ಪಿಚರ್ ಹೆಸರಿಗೆ ಬರೆಯುತ್ತಾರೆ. 1934ರಲ್ಲಿ ಅವನ ಲೆಕ್ಕಕ್ಕೆ 30 ಗೆಲುವು. ಅಲ್ಲಿನ ಎರಡು ದೊಡ್ಡ ಲೀಗುಗಳಲ್ಲಿ ಒಂದಾದ ನ್ಯಾಷನಲ್ ಲೀಗಿನಲ್ಲಿ ಆಮೇಲೆ ಯಾರಿಗೂ ಅಷ್ಟು ಆಗಿಲ್ಲ. ಅದೇ ತಂಡದಲ್ಲಿದ್ದ ತಮ್ಮ ಪಾಲ್‌ಗೆ 19. ಆ ವರ್ಷದ ವರ್ಲ್ಡ್ ಸೀರೀಸ್‌ನಲ್ಲಿ, ಅಂದರೆ ಎರಡೂ ಲೀಗಿನ ಚಾಂಪಿಯನ್ನರ ಫೈನಲ್ ಸರಣಿಯಲ್ಲಿ, ಡೆಟ್ರಾಯಿಟ್ ವಿರುದ್ಧ ಗೆದ್ದ ನಾಲ್ಕೂ ಪಂದ್ಯ ಅಣ್ಣನಿಗೆ ಎರಡು, ತಮ್ಮನಿಗೆ ಎರಡು!

1937ರ ಜುಲೈನಲ್ಲಿ ಆಲ್-ಸ್ಟಾರ್ ಪಂದ್ಯ, ಎರಡೂ ಲೀಗಿನ ಆಯ್ದ ಆಟಗಾರರ ಪಂದ್ಯ. ಎದುರಿನ ಬ್ಯಾಟರ್ ಅರ್ಲ್ ಅವೆರಿಲ್ ಹೊಡೆದ ಚೆಂಡು ನೇರ ಬಂದು ಡೀನ್ ಕಾಲ್ಬೆರಳು ಮುರಿಯಿತು. ಅದು ಕೂಡಿಕೊಳ್ಳುವ ಮುಂಚೆಯೇ ಮತ್ತೆ ದಿಬ್ಬ ಹತ್ತಿದ. ಕಾಲು ನೋಯದಿರಲಿ ಅಂತ ಎಸೆಯುವ ರೀತಿ ಬದಲಿಸಿದ. ಆ ಭಾರ ತೋಳಿಗೆ ಬಿತ್ತು. ಬೆರಳು ವಾಸಿಯಾಯಿತು, ತೋಳು ಹೋಯಿತು. ಆಗ ಅವನಿಗೆ 27. ನೀನೂ ಪಾದ ಉಳುಕಿಸಿಕೊಂಡೇ ಫೈನಲ್ ಆಡಿದವನು ಅಲ್ವಾ? ಇರಲಿ, ಹಳೇ ಜಗಳ.

1941ರಲ್ಲಿ ಆಟ ಬಿಟ್ಟು ಸೇಂಟ್ ಲೂಯಿಸ್‌ನಲ್ಲೇ ರೇಡಿಯೋ ಮೈಕ್ ಹಿಡಿದ. ಮಾತು ಮಾತ್ರ ಹತ್ತಿ ಹೊಲದ್ದೇ. ಇಂಗ್ಲಿಷಿನಲ್ಲಿ ಜಾರುವುದು ಸ್ಲೈಡ್, ಜಾರಿದರೆ ಸ್ಲಿಡ್. ಡೀನ್ ಬಾಯಲ್ಲಿ ಅದು 'ಸ್ಲಡ್'. ರನ್ನರ್ ಮೂರನೇ ಬೇಸಿಗೆ, ಅಂದರೆ ಓಡುವವನು ಮುಟ್ಟಬೇಕಾದ ಮೂರನೇ ಗುರುತಿಗೆ, ಸ್ಲಡ್! ಮಕ್ಕಳ ಭಾಷೆ ಕೆಡುತ್ತದೆ ಅಂತ ಟೀಚರುಗಳು ದೂರು ಕೊಟ್ಟರು. ಕೇಳುವವರು ಮಾತ್ರ ರೇಡಿಯೋ ಬಂದ್ ಮಾಡಲಿಲ್ಲ. ಎರಡನೇ ಮಹಾಯುದ್ಧದ ಕಾಲದಲ್ಲಿ ಹವಾಮಾನದ ಸುದ್ದಿ ರೇಡಿಯೋದಲ್ಲಿ ಹೇಳುವಂತಿರಲಿಲ್ಲ. ಮಳೆಗೆ ಆಟ ನಿಂತಾಗ ಡೀನ್, ಯಾಕೆ ನಿಂತಿದೆ ಗೊತ್ತಾಗಬೇಕಾದರೆ ಕಿಟಕಿಯಿಂದ ತಲೆ ಹೊರಗೆ ಹಾಕಿ ಅಂದನಂತೆ. ಇದು ನೀನೇ ಆಡುವ ಮಾತಲ್ಲವಾ!

ನನಗೆ ಜಾಸ್ತಿ ಇಷ್ಟವಾದದ್ದು 1947. ಸೇಂಟ್ ಲೂಯಿಸ್‌ನ ಇನ್ನೊಂದು ತಂಡ ಬ್ರೌನ್ಸ್, ಸೋತು ಸೋತು ಸುಣ್ಣವಾಗಿತ್ತು. ಈ ಪಿಚರ್‌ಗಳಿಗಿಂತ ನಾನೇ ವಾಸಿ ಅಂತ ಡೀನ್ ಮೈಕಲ್ಲೇ ಬೈಯುತ್ತಿದ್ದ. ಹಾಗಾದರೆ ಇಳಿ ನೋಡೋಣ ಅಂದರು ತಂಡದವರು. ಸೀಸನ್ನಿನ ಕೊನೇ ದಿನ 37 ವರ್ಷದ ಡೀನ್, ಕೊಂಚ ಹೊಟ್ಟೆಯೂ ಬಂದಿದೆ, ಶಿಕಾಗೋ ವೈಟ್ ಸಾಕ್ಸ್ ವಿರುದ್ಧ ದಿಬ್ಬ ಹತ್ತಿದ. ಪಂದ್ಯದ ಒಂಬತ್ತು ಇನ್ನಿಂಗ್ಸ್‌ನಲ್ಲಿ ನಾಲ್ಕು ಎಸೆದ, ಒಂದೂ ರನ್ ಕೊಡಲಿಲ್ಲ. ಬ್ಯಾಟ್ ಹಿಡಿದು ಒಂದು ಸಿಂಗಲ್ ಕೂಡ, ಅಂದರೆ ಮೊದಲ ಬೇಸ್ ಮುಟ್ಟುವಷ್ಟು ಹೊಡೆತ, ಹೊಡೆದ. ತೊಡೆ ಹಿಂದಿನ ಸ್ನಾಯು ಹಿಡಿದುಕೊಂಡಿತು, ಸುಮ್ನೆ ಹೊರಗೆ ಬಂದ. ಮತ್ತೆ ಮೈಕೇ. 1953ರಲ್ಲಿ ಬೇಸ್‌ಬಾಲ್ ದಿಗ್ಗಜರ ಗೌರವ ಪಟ್ಟಿಯಾದ ಹಾಲ್ ಆಫ್ ಫೇಮ್ ಸೇರಿದ, ಅದೇ ವರ್ಷ ರಾಷ್ಟ್ರೀಯ ಟಿವಿಯ ವಾರದ ಪಂದ್ಯಕ್ಕೂ ಕಾಮೆಂಟ್ರಿ ಶುರುಮಾಡಿದ. ಸ್ಲಡ್ ಅಲ್ಲೂ ಹಾಗೇ ನಡೆಯಿತು.

ಟೂರ್ನಮೆಂಟ್ ಯಾವತ್ತು ಅಂತ ತಿಳಿಸು, ಶನಿವಾರ ಇದ್ದರೆ ಬಸ್ ಹತ್ತಿ ಬರ್ತೀನಿ. ನಮ್ಮೂರ ಮಾತಲ್ಲೇ ಹೇಳು. ಹುಡುಗರ ಬೌಲಿಂಗ್ ಬೈಯುವ ಮನಸ್ಸಿದ್ದರೆ ಮಾತ್ರ ಶೂ ಹತ್ತಿರ ಇಟ್ಟುಕೊಂಡಿರು.

ನಿನ್ನ ಹಳೇ ಕೀಪರ್