ಬೀನ್ಸ್ ಎಲೆ ಮುದುರಿತು, ರಿಪೋರ್ಟ್ ಮಾತ್ರ ಪಾಸಾಗಿತ್ತು: ಕೃಷಿ ಸಚಿವರಿಗೊಂದು ಬಹಿರಂಗ ಪತ್ರ

ಮಾನ್ಯ ಕೃಷಿ ಸಚಿವರಿಗೆ ನಮಸ್ಕಾರ.

ನಾನು ತರಕಾರಿ ಬೆಳೆಯುವವನು. ದೊಡ್ಡ ಜಮೀನೇನಲ್ಲ. ಮನೆಯ ತಿಪ್ಪೆ ಗೊಬ್ಬರ ಸಾಲದಿದ್ದಾಗ ಚೀಲದ ಕಾಂಪೋಸ್ಟ್ ತರುತ್ತೇನೆ. ಹೋದ ಸಲ ತಂದ ಚೀಲದ ಮೇಲೆ ‘ಲ್ಯಾಬ್‌ನಲ್ಲಿ ಪರೀಕ್ಷಿಸಿದ್ದು’ ಎಂದು ದಪ್ಪ ಅಕ್ಷರದಲ್ಲಿತ್ತು. ನೋಡೋಕೂ ಚೆನ್ನಾಗಿತ್ತು. ಕಪ್ಪಗೆ, ಪುಡಿಪುಡಿಯಾಗಿ, ಮಳೆ ಬಿದ್ದ ಮಣ್ಣಿನ ವಾಸನೆ. ಪಾತಿಗೆ ಹಾಕಿ ಬೀನ್ಸ್ ಬಿತ್ತಿದೆ.

ಮೊಳಕೆ ಸರಿಯಾಗೇ ಬಂತು. ಹೊಸ ಎಲೆ ಬಿಡುವಾಗ ಶುರುವಾಯಿತು ನೋಡಿ. ಎಲೆಗಳು ಅಂಚಿನಿಂದ ಒಳಕ್ಕೆ ಮುದುರಿ ಬಟ್ಟಲಿನ ಹಾಗಾದವು. ಕಾಂಡ ತಿರುಚಿಕೊಂಡಿತು. ಮೊದಲು ನುಸಿ ಅಂದುಕೊಂಡೆ. ಎಲೆ ಮಗುಚಿ ನೋಡಿದರೆ ಒಂದು ಹುಳವೂ ಇಲ್ಲ. ಕೊನೆಗೆ ಆರು ಕುಂಡ ಇಟ್ಟೆ. ಮೂರರಲ್ಲಿ ಬರೀ ಮಣ್ಣು, ಮೂರರಲ್ಲಿ ಅದೇ ಮಣ್ಣಿಗೆ ಚೀಲದ ಗೊಬ್ಬರ ಬೆರೆಸಿದ್ದು. ಒಂದೇ ಪೊಟ್ಟಣದ ಬೀಜ, ಒಂದೇ ನೀರು, ಒಂದೇ ಬಿಸಿಲು. ಮೂರು ವಾರದಲ್ಲಿ ಬರೀ ಮಣ್ಣಿನ ಗಿಡಗಳು ಅಗಲ ಎಲೆ ಬಿಟ್ಟು ನಿಂತವು. ಗೊಬ್ಬರದ ಮೂರೂ ಮುದುರಿದವು.

ಕಂಪನಿಗೆ ಫೋನ್ ಮಾಡಿದೆ. ಅವರು ಜಗಳ ಆಡಲಿಲ್ಲ, ಸುಮ್ನೆ ಲ್ಯಾಬ್ ರಿಪೋರ್ಟ್ ಕಳಿಸಿದರು. ಸಾರಜನಕ, ರಂಜಕ, ಪೊಟ್ಯಾಷ್, ತೇವಾಂಶ, ಪಿಎಚ್. ಎಲ್ಲದರ ಮುಂದೆ ಪಾಸ್. ತಾರೀಖು ನೋಡಿದರೆ ಎಂಟು ತಿಂಗಳ ಹಿಂದಿನದು. ಕೆಳಗೆ ಸಣ್ಣ ಅಕ್ಷರದಲ್ಲಿ ಒಂದು ಸಾಲು: ‘ಮಾದರಿಯನ್ನು ನಾವು ಸಂಗ್ರಹಿಸಿಲ್ಲ, ತಂದುಕೊಟ್ಟದ್ದನ್ನು ಪರೀಕ್ಷಿಸಿದ್ದೇವೆ.’ ಲ್ಯಾಬ್‌ನವರು ಪ್ರಾಮಾಣಿಕರು, ಅಲ್ವಾ? ನನ್ನ ಚೀಲಕ್ಕೂ ಆ ರಿಪೋರ್ಟಿಗೂ ಸಂಬಂಧ ಇದೆ ಅಂತ ಅವರು ಎಲ್ಲೂ ಹೇಳಿಲ್ಲ. ಹಾಗೆ ಹೇಳಿದ್ದು ಚೀಲ.

ಸ್ವಾಮಿ, ಕಾಂಪೋಸ್ಟ್ ಸಿಮೆಂಟಿನ ಹಾಗಲ್ಲ. ಇವತ್ತಿನ ರಾಶಿಗೆ ಒಣಗಿದ ಎಲೆ ಬಂದಿರುತ್ತದೆ, ಮುಂದಿನ ತಿಂಗಳ ರಾಶಿಗೆ ಕೋಳಿ ಗೊಬ್ಬರ, ಅದರ ಮುಂದಿನದಕ್ಕೆ ಕತ್ತರಿಸಿದ ಹುಲ್ಲು. ಒಂದು ರಾಶಿಯ ಪರೀಕ್ಷೆ ಇನ್ನೊಂದಕ್ಕೆ ಸಾಕ್ಷಿ ಹೇಳಲ್ಲ. ಒಂದೇ ರಾಶಿಯಲ್ಲೂ ಹೊರಗಡೆ ಒಂದು ತರ, ಒಳಗಡೆ ಒಂದು ತರ. ಅದಕ್ಕೇ ಹತ್ತಾರು ಕಡೆಯಿಂದ, ಬೇರೆ ಬೇರೆ ಆಳದಿಂದ ತೆಗೆದು, ಬೆರೆಸಿ, ಆಮೇಲೆ ಲ್ಯಾಬಿಗೆ ಕಳಿಸಬೇಕು. ಮಾರುವವರೇ ಒಂದು ಒಳ್ಳೇ ಮುಷ್ಟಿ ಆರಿಸಿ ಕಳಿಸಿದರೆ ಅದು ಪರೀಕ್ಷೆ ಅಲ್ಲ, ಪ್ರದರ್ಶನ.

ಎರಡನೇ ಮಾತು, ನನಗೆ ಇದೇ ದೊಡ್ಡದು. ಆ ರಿಪೋರ್ಟಿನಲ್ಲಿದ್ದ ಅಂಕಿಗಳು ಗಿಡಕ್ಕೆ ಊಟ ಎಷ್ಟಿದೆ ಅಂತ ಹೇಳುತ್ತವೆ, ವಿಷ ಇದೆಯಾ ಅಂತ ಹೇಳಲ್ಲ. ನನ್ನ ಅನುಮಾನ ಕಳೆನಾಶಕದ ಮೇಲೆ. ಕ್ಲೋಪಿರಾಲಿಡ್, ಅಮಿನೋಪಿರಾಲಿಡ್ ಎಂಬ ಕಳೆನಾಶಕಗಳನ್ನು ಹುಲ್ಲಿಗೆ ಹೊಡೆಯುತ್ತಾರೆ. ಹುಲ್ಲಿಗೆ ಏನೂ ಆಗಲ್ಲ, ಅಗಲ ಎಲೆಯ ಕಳೆ ಸಾಯುತ್ತದೆ. ಆ ಹುಲ್ಲನ್ನು ದನ ತಿಂದರೂ ಔಷಧಿ ಸಗಣಿಯಲ್ಲಿ ಹೊರಗೆ ಬರುತ್ತದೆ. ಕೊಳೆಯುವಾಗ ರಾಶಿ ಬಿಸಿಯಾದರೂ ಅದು ಬೇಗ ಕರಗಲ್ಲ. ನೂರು ಕೋಟಿ ಪಾಲಿನಲ್ಲಿ ಕೆಲವೇ ಪಾಲು ಇದ್ದರೂ ಬೀನ್ಸ್, ಬಟಾಣಿ, ಟೊಮೆಟೊ ಮುದುರುತ್ತವೆ. 2008ರಲ್ಲಿ ಬ್ರಿಟನ್ನಿನ ತೋಟಗಳಲ್ಲಿ ಹೀಗೇ ಆಗಿ, ಅಮಿನೋಪಿರಾಲಿಡ್ ಮಾರಾಟವನ್ನೇ ಸ್ವಲ್ಪ ಕಾಲ ನಿಲ್ಲಿಸಿದ್ದರು.

ಲ್ಯಾಬಿನಲ್ಲಿ ಅಷ್ಟು ಕಡಿಮೆ ಪ್ರಮಾಣ ಹುಡುಕೋದು ದುಬಾರಿ, ಒಪ್ಪುತ್ತೇನೆ. ಆದರೆ ಕುಂಡದಲ್ಲಿ ಬೀನ್ಸ್ ಹಾಕೋದು ದುಬಾರಿಯಲ್ಲ! ಬ್ರಿಟನ್ನಿನ ಕಾಂಪೋಸ್ಟ್ ಮಾನದಂಡ ಪಿಎಎಸ್ 100ರಲ್ಲಿ ಗಿಡ ಬೆಳೆಸಿ ನೋಡುವ ಪರೀಕ್ಷೆ ಇದೆ, ಟೊಮೆಟೊ ಸಸಿಯಲ್ಲಿ. ಯಾವ ಬೀಜ ಅನ್ನೋದು ಮುಖ್ಯ. ಹುಲ್ಲಿನ ಜಾತಿಯ ಬೀಜ ಹಾಕಿದರೆ ಇಂಥ ಗೊಬ್ಬರವೂ ಆರಾಮಾಗಿ ಪಾಸಾಗುತ್ತದೆ.

ಕುಂಡದಲ್ಲಿ ಇನ್ನೊಂದು ವಿಷಯವೂ ಸಿಕ್ಕಿಬೀಳುತ್ತದೆ: ಪೂರ್ತಿ ಕಳಿಯದ ಗೊಬ್ಬರ. ಆತುರಕ್ಕೆ ಚೀಲಕ್ಕೆ ತುಂಬಿದ ಹಸಿ ಗೊಬ್ಬರ ಮಣ್ಣಿಗೆ ಬಿದ್ದ ಮೇಲೂ ಕೊಳೆಯುತ್ತಲೇ ಇರುತ್ತದೆ. ಇಂಗಾಲ ಜಾಸ್ತಿ ಇದ್ದರೆ ಮಣ್ಣಿನ ಸಾರಜನಕವನ್ನೂ ಸೂಕ್ಷ್ಮಜೀವಿಗಳೇ ತಿಂದು ಗಿಡ ಹಳದಿಯಾಗುತ್ತದೆ. ಚೀಲ ಬಿಚ್ಚಿದಾಗ ಬಿಸಿ ಅನ್ನಿಸಿದರೆ, ಅಮೋನಿಯಾ ಮೂಗಿಗೆ ಹೊಡೆದರೆ, ಅದು ಇನ್ನೂ ಗೊಬ್ಬರ ಆಗಿಲ್ಲ ಅಂತಲೇ ಲೆಕ್ಕ. ಇದನ್ನು ಅಳೆಯೋಕೆ ಉಸಿರಾಟದ ಪರೀಕ್ಷೆ ಇದೆ. ಗೊಬ್ಬರದಿಂದ ಎಷ್ಟು ಇಂಗಾಲದ ಡೈಆಕ್ಸೈಡ್ ಹೊರಡುತ್ತದೆ ಅಂತ ನೋಡುತ್ತಾರೆ. ಜಾಸ್ತಿ ಹೊರಟರೆ ರಾಶಿ ಇನ್ನೂ ಬೇಯುತ್ತಿದೆ.

ರಾಶಿಯಲ್ಲಿರುವ ರೋಗಾಣು ಸಾಯೋಕೆ ಬೇಕಾದ ಶಾಖದ ಲೆಕ್ಕ ಮೊದಲೇ ಇದೆ. ಉದ್ದ ಸಾಲಿನ ರಾಶಿಯಾದರೆ ಕನಿಷ್ಠ 15 ದಿನ 55 ಡಿಗ್ರಿ ಸೆಲ್ಸಿಯಸ್ ಅಥವಾ ಅದಕ್ಕಿಂತ ಜಾಸ್ತಿ ಶಾಖ, ಆ ಅವಧಿಯಲ್ಲಿ ಕನಿಷ್ಠ 5 ಸಲ ಮಗುಚಬೇಕು. ಇದು ಅಮೆರಿಕದಲ್ಲಿ ಕೊಳಚೆ ಕೆಸರಿನ ಗೊಬ್ಬರಕ್ಕೆ ಹಾಕಿದ ನಿಯಮ. ನಾನು ಕೇಳೋದು ಇಷ್ಟೇ, ರಾಶಿಯ ಶಾಖ ಬರೆದ ಪುಸ್ತಕವನ್ನು ಯಾರಾದರೂ ಹೋಗಿ ನೋಡಲಿ. ಸೀಸ, ಕ್ಯಾಡ್ಮಿಯಂ, ಗಾಜಿನ ಚೂರು, ಪ್ಲಾಸ್ಟಿಕ್, ಇವಕ್ಕೂ ಮಿತಿ ಬೇಕು ಅಂತ ನಿಮಗೆ ನಾನು ಹೇಳಬೇಕಿಲ್ಲ.

ಸಣ್ಣ ತಯಾರಕರಿಗೆ ಹೊರೆಯಾಗುತ್ತದೆ ಅಂತ ನಿಮ್ಮ ಅಧಿಕಾರಿಗಳು ಹೇಳಬಹುದು. ನಿಜ. ಅದಕ್ಕೆ ಒಂದು ದಾರಿ ಅಮೆರಿಕದ ಕಾಂಪೋಸ್ಟಿಂಗ್ ಕೌನ್ಸಿಲ್ ತೋರಿಸಿದೆ. ಅದರ ಸೀಲು ಬೇಕಾದವರು ವರ್ಷಕ್ಕೆ ಎಷ್ಟು ಸಲ ಪರೀಕ್ಷೆ ಮಾಡಿಸಬೇಕು ಅನ್ನೋದು ತಯಾರಿಸುವ ಗೊಬ್ಬರದ ಪ್ರಮಾಣಕ್ಕೆ ತಕ್ಕಂತೆ. ಜೊತೆಗೆ, ಫಲಿತಾಂಶ ಕೇಳಿದವರಿಗೆ ಕೊಡಲೇಬೇಕು. ಈ ಎರಡನೆಯದು ನನಗೆ ತುಂಬ ಹಿಡಿಸಿತು.

ನಮಗೂ ಅಷ್ಟು ಮಾಡಿಕೊಡಿ. ಚೀಲದ ಮೇಲೆ ಬ್ಯಾಚ್ ನಂಬರು, ಆ ಬ್ಯಾಚಿನದೇ ರಿಪೋರ್ಟು, ಮಾದರಿ ತೆಗೆದವರು ಹೊರಗಿನವರು, ರಿಪೋರ್ಟಿನಲ್ಲಿ ಬೀನ್ಸ್ ಅಥವಾ ಟೊಮೆಟೊ ಬೆಳೆಸಿ ನೋಡಿದ ಫಲಿತಾಂಶ. ಇಷ್ಟಿಲ್ಲದೆ ‘ಪರೀಕ್ಷಿಸಿದ್ದು’ ಎಂಬ ಪದವನ್ನು ಯಾರೂ ಚೀಲದ ಮೇಲೆ ಅಚ್ಚು ಹಾಕಬಾರದು.

ಆ ಚೀಲದಲ್ಲಿ ಅರ್ಧ ಗೊಬ್ಬರ ಇನ್ನೂ ಉಳಿದಿದೆ. ಬಾಯಿ ಕಟ್ಟಿ ನೆರಳಲ್ಲಿ ಇಟ್ಟಿದ್ದೇನೆ. ನಿಮ್ಮ ಇಲಾಖೆಯವರು ಯಾವಾಗ ಬಂದರೂ ಕೊಡುತ್ತೇನೆ.

ಇಂತಿ,
ಒಬ್ಬ ತರಕಾರಿ ಬೆಳೆಗಾರ