ಆಶ್ಲೇಷ ಮಳೆಯಲ್ಲಿ ಆನ್‌ಲೈನ್ ಪರೀಕ್ಷೆ ಬೇಡ ಪುಟ್ಟಿ

ಪುಟ್ಟಿ,

ನಿನ್ನ ನೀಲಿ ನೋಟ್‌ಬುಕ್ ಊಟದ ಮೇಜಿನ ಮೇಲೇ ಉಳಿದಿದೆ. ನಾಳೆ ಬೆಳಿಗ್ಗೆ ಬೆಂಗಳೂರು ಬಸ್ಸಿನಲ್ಲಿ ಕಳಿಸುತ್ತಿದ್ದೇನೆ. ಈ ಕಾಗದವನ್ನೂ ಅದರೊಳಗೆ ಇಟ್ಟಿದ್ದೇನೆ. ಫೋನಿನಲ್ಲಿ ಹೇಳಲು ಹೋದರೆ ನೀನೂ ಜೋರು ಮಾಡುತ್ತೀಯ, ನಾನೂ ಜೋರು ಮಾಡುತ್ತೇನೆ, ಅಮ್ಮ ಅಡುಗೆಮನೆಯಿಂದ ಇಬ್ಬರಿಗೂ ಬೈಯುತ್ತಾಳೆ. ನಿನ್ನೆ ರಾತ್ರಿ ಯಾರು ಏನಂದರು ಅನ್ನೋದು ಬೇಡ. ನೀನು ಊಟ ಬಿಟ್ಟು ಎದ್ದೆಯಲ್ಲ, ಅದೊಂದು ನನಗೆ ಬೇಜಾರು.

ಹೇಳಬೇಕಾಗಿದ್ದು ಇಷ್ಟೇ. ನಿನ್ನ ನೆಟ್‌ವರ್ಕಿಂಗಿನ ಸಿಸಿಎನ್‌ಎ ಪರೀಕ್ಷೆಯನ್ನು ಆಗಸ್ಟ್‌ನಲ್ಲಿ ಇಲ್ಲಿ ಕೊಡಗಿನಲ್ಲಿ, ಮನೆಯಲ್ಲಿ ಕೂತು ಆನ್‌ಲೈನಿನಲ್ಲಿ ಬರೆಯಬೇಡ. ಬೆಂಗಳೂರಿನ ಸೆಂಟರಿನಲ್ಲೇ ಬರಿ.

ಪಿಜಿಯಲ್ಲಿ ಗಲಾಟೆ, ಇಲ್ಲಾದರೆ ಸ್ವಂತ ರೂಮಿದೆ, ಅಮ್ಮನ ಕೈ ಊಟ ಇದೆ ಅಂದೆ. ಸರಿಯೇ. ಆದರೆ ಪರೀಕ್ಷೆ 120 ನಿಮಿಷ. ಅಷ್ಟು ಹೊತ್ತು ಕ್ಯಾಮೆರಾದ ಆಚೆ ಒಬ್ಬರು ನಿನ್ನನ್ನೇ ನೋಡುತ್ತಿರುತ್ತಾರೆ. ರೂಮಿಗೆ ಯಾರೂ ಬರುವಂತಿಲ್ಲ, ಪ್ರಶ್ನೆಯನ್ನು ಬಾಯಿಬಿಟ್ಟು ಓದುವಂತಿಲ್ಲ. ನೀನೋ, ಬಾಯಲ್ಲಿ ಗುಣುಗುಣು ಅನ್ನದೆ ಒಂದು ಸಾಲು ಓದಿದವಳಲ್ಲ. ಅದಾದರೂ ಅಭ್ಯಾಸ ಮಾಡಿದರೆ ಬರುತ್ತದೆ. ಕರೆಂಟಿಗೇನು ಮಾಡುತ್ತೀಯ? ಯುಪಿಎಸ್ ಇದೆ ಅನ್ನಬೇಡ. ಯುಪಿಎಸ್‌ನಿಂದ ರೂಟರ್ ಉಳಿಯುತ್ತದೆ, ಸಿಲ್ವರ್ ಓಕ್ ಮರದಿಂದ ಮರಕ್ಕೆ ಕಟ್ಟಿಕೊಂಡು ಬಂದ ಫೈಬರ್ ಉಳಿಯುವುದಿಲ್ಲ. ಹೋದ ವಾರವೇ ನೋಡಿದೆಯಲ್ಲ, ಒಂದು ಕೊಂಬೆ ಬಿದ್ದದ್ದಕ್ಕೆ ಏನಾಯಿತು ಅಂತ.

ಅವತ್ತಿನದು ಹೇಳಲೇಬೇಕು. 'ವೈಫೈ ಫುಲ್ ಇದೆ, ನೆಟ್ ಯಾಕೆ ಬರ್ತಿಲ್ಲ' ಅಂತ ನೀನು ರೂಟರನ್ನು ಆಫ್ ಮಾಡಿ ಆನ್ ಮಾಡಿ ಕೂತಿದ್ದೆ. ಪೆಟ್ಟಿಗೆಯಲ್ಲಿ ಎಲ್‌ಒಎಸ್ ಅನ್ನುವ ಕೆಂಪು ದೀಪ ಮಿಣಮಿಣ ಅನ್ನುತ್ತಿತ್ತು. ಅದು ಹೊರಗಿನ ಫೈಬರಿನಿಂದ ಬೆಳಕು ಬರುತ್ತಿಲ್ಲ ಅನ್ನುವ ಗುರುತು. ವೈಫೈ ಅಂದರೆ ನಿನ್ನ ಲ್ಯಾಪ್‌ಟಾಪಿನಿಂದ ಗೋಡೆಯ ಪೆಟ್ಟಿಗೆವರೆಗೆ ಮಾತ್ರ. ನೆಟ್‌ವರ್ಕ್ ಅಂದರೆ ಒಂದರ ಮೇಲೊಂದು ಏಳು ಲೇಯರ್, ಏಳು ಪದರ, ಕೆಳಗಿನ ಲೇಯರಿನಿಂದ ಮೇಲಕ್ಕೆ ನೋಡುತ್ತಾ ಹೋಗಬೇಕು ಅಂತ ಈ ನೋಟ್‌ಬುಕ್ಕಿನಲ್ಲಿ ನೀನೇ ಬರೆದಿದ್ದೀಯ. ಮೊದಲು ದೀಪ, ತಂತಿ. ಆಮೇಲೆ ಐಪಿ ಅಡ್ರೆಸ್ ಸಿಕ್ಕಿದೆಯಾ ಅಂತ. 169.254 ಅಂತ ಶುರುವಾಗಿದ್ದರೆ ಅಡ್ರೆಸ್ ಹಂಚುವ ಡಿಎಚ್‌ಸಿಪಿಯಿಂದ ಏನೂ ಸಿಕ್ಕಿಲ್ಲ, ಲ್ಯಾಪ್‌ಟಾಪ್ ತಾನಾಗೇ ಒಂದು ಹಾಕಿಕೊಂಡಿದೆ. ಸಿಕ್ಕಿದ್ದರೆ ನಮ್ಮ ರೂಟರಿನ ಅಡ್ರೆಸ್ 192.168.1.1ಕ್ಕೆ ಪಿಂಗ್, ಅಂದರೆ ಇದ್ದೀಯಾ ಅಂತ ಕೂಗಿ ನೋಡುವುದು. ಅದು ಉತ್ತರ ಕೊಟ್ಟು ಹೊರಗಿನ ಗೂಗಲ್‌ನವರ 8.8.8.8 ಕೊಡದಿದ್ದರೆ ಸಾಮಾನ್ಯವಾಗಿ ಮನೆಯೊಳಗೆ ಎಲ್ಲ ಸರಿ, ತೊಂದರೆ ಗೇಟಿನ ಆಚೆ. ಎರಡೂ ಉತ್ತರ ಕೊಟ್ಟು ಹೆಸರು ಹಾಕಿದ ಸೈಟ್ ಮಾತ್ರ ತೆರೆಯದಿದ್ದರೆ ಹೆಸರಿಗೆ ಅಡ್ರೆಸ್ ಹುಡುಕಿಕೊಡುವ ಡಿಎನ್‌ಎಸ್ ನೋಡು. ಕಾಫಿ ಗಿಡ ಬಿಟ್ಟರೆ ಬೇರೇನೂ ಗೊತ್ತಿಲ್ಲದ ನಾನು ಇದನ್ನು ಕಲಿತದ್ದು ನಿನಗೆ ಪ್ರಶ್ನೆ ಕೇಳಿ ಕೇಳಿಯೇ. ನಿನಗೆ ಪದ ಎಲ್ಲ ಬಾಯಿಗೆ ಬರುತ್ತದೆ, ಕೈಗೆ ಬರುವುದಿಲ್ಲ. ಫುಲ್ ಫಾರಂ ಉರು ಹೊಡೆಯುವುದು ಸಾಕು. ಪ್ರತಿ ಪದಕ್ಕೂ 'ಇದು ಕೆಟ್ಟರೆ ಮನೆಯಲ್ಲಿ ಏನು ಕಾಣುತ್ತದೆ' ಅಂತ ಪಕ್ಕದಲ್ಲಿ ಒಂದು ಸಾಲು ಬರಿ.

ನೋಡು, ಉಪದೇಶ ಮಾಡುವುದಿಲ್ಲ ಅಂತ ಅಮ್ಮನಿಗೆ ಹೇಳಿ ಪೆನ್ ಹಿಡಿದಿದ್ದೆ.

ರಾತ್ರಿ ಊಟವಾದ ಮೇಲೆ ನಿನಗೆ ಪ್ರಶ್ನೆ ಕೇಳುವುದು ನನಗೆ ಎಷ್ಟು ಇಷ್ಟವಾಗಿತ್ತು ಅಂತ ನಿನಗೆ ಹೇಳಲೇ ಇಲ್ಲ. ಪೋರ್ಟ್ ನಂಬರುಗಳನ್ನು ಎಸ್‌ಎಸ್‌ಎಚ್ 22, ಡಿಎನ್‌ಎಸ್ 53, ಎಚ್‌ಟಿಟಿಪಿ 80, ಎಚ್‌ಟಿಟಿಪಿಎಸ್ 443 ಅಂತ ಮಗ್ಗಿ ಹೇಳಿದ ಹಾಗೆ ಹೇಳುತ್ತಿದ್ದೆ. ಏಳು ಲೇಯರ್‌ಗಳ ಇಂಗ್ಲಿಷ್ ಹೆಸರಿನ ಮೊದಲಕ್ಷರ ನೆನಪಿಡೋಕೆ 'ಪ್ಲೀಸ್ ಡು ನಾಟ್ ಥ್ರೋ ಸಾಸೇಜ್ ಪಿಜ್ಜಾ ಅವೇ' ಅಂದಾಗ, ಅಷ್ಟು ದುಡ್ಡು ಕೊಟ್ಟು ತಂದ ಪಿಜ್ಜಾ ಯಾರು ಬಿಸಾಡ್ತಾರೆ ಅಂತ ಅಮ್ಮ ಕೇಳಿದ್ದಳು. ಮೊನ್ನೆ ಸೊಸೈಟಿಯಲ್ಲಿ ಗೊಬ್ಬರಕ್ಕೆ ಕಾಯುವಾಗ ಒಬ್ಬರ ಹತ್ತಿರ ಎರಡು ಕಂಪ್ಯೂಟರ್ ಮಾತು ಶುರು ಮಾಡುವ ಮುಂಚೆ ಮೂರು ಸಲ ಕೈ ಕುಲುಕುವ ಟಿಸಿಪಿ ಕಥೆ ಹೇಳಿದೆ. ಅವರು ಹೂಂ ಅಂದರು, ಪಾಪ.

ಈಗ ನಿಜವಾದ ವಿಷಯ. 'ಮಳೆಗಾಲದಲ್ಲಿ ನಾನು ಮನೆಗೆ ಬರೋದೇ ನಿಮಗೆ ಬೇಡ' ಅಂದೆ. ಹೌದು, ಬೇಡ. ಆಗಸ್ಟ್‌ನಲ್ಲಿ ನೀನು ಈ ದಾರಿಯಲ್ಲಿ ಬರುವುದು ನನಗೆ ಬೇಡ.

2018ರಲ್ಲಿ ನೀನು ಮಡಿಕೇರಿ ಹಾಸ್ಟೆಲಿನಲ್ಲಿದ್ದೆ. ಸ್ವಾತಂತ್ರ್ಯ ದಿನದ ಹಿಂದಿನ ರಾತ್ರಿ ಫೋನ್ ಮಾಡಿ, ಬಿಳಿ ಯೂನಿಫಾರಂ ಒಣಗ್ತಾನೇ ಇಲ್ಲ, ಇಸ್ತ್ರಿ ಪೆಟ್ಟಿಗೆಯಲ್ಲಿ ಒಣಗಿಸ್ತಿದೀನಿ ಅಂದಿದ್ದೆ. ಆಮೇಲೆ ಫೋನ್ ಇಲ್ಲ. ಹಟ್ಟಿಹೊಳೆ, ಮಕ್ಕಂದೂರು ಕಡೆ ಗುಡ್ಡ ತೋಟದ ಸಮೇತ ಜಾರಿ ಬಂದಿದೆ ಅಂತ ಕೇಳಿದೆವು. ಜೋಡುಪಾಲದ ಸುದ್ದಿಯೂ ಬಂತು. ಹಟ್ಟಿಹೊಳೆ, ಮಕ್ಕಂದೂರು ಅಂದರೆ ಮಾದಾಪುರದಿಂದ ಮಡಿಕೇರಿಗೆ ನಾವು ಹೋಗುವ ದಾರಿಯೇ. ಮನೆಯಲ್ಲಿ ಸಿಗ್ನಲ್ ಇರಲಿಲ್ಲ. ನೀರಿನ ಟ್ಯಾಂಕಿನ ಹಿಂದಿನ ಬಂಡೆ ಹತ್ತಿದರೆ ಒಂದು ಕಡ್ಡಿ ಬರುತ್ತಿತ್ತು. ಪ್ಲಾಸ್ಟಿಕ್ ಹೊದ್ದು ಅಲ್ಲಿ ನಿಂತು ನಿನ್ನ ನಂಬರ್ ಒತ್ತುತ್ತಿದ್ದೆ. ವ್ಯಾಪ್ತಿ ಪ್ರದೇಶದ ಹೊರಗಿದ್ದಾರೆ ಅಂತ ಆ ಹೆಂಗಸು ಹೇಳುತ್ತಿದ್ದಳು. ಕಟ್ ಮಾಡಿ ಮತ್ತೆ ಒತ್ತುತ್ತಿದ್ದೆ. ಚಾರ್ಜ್ ಮುಗಿದರೆ ಜೀಪಿಗೆ ಓಡಿ ಹಾಕಿಕೊಂಡು ಮತ್ತೆ ಬಂಡೆಗೆ. ಹಾಸ್ಟೆಲಿನ ಹಿಂದೆಯೂ ಒಂದು ಕಡಿದಾದ ಮಣ್ಣಿನ ಧರೆ ಇತ್ತಲ್ಲ, ಅದೇ ಕಣ್ಣ ಮುಂದೆ. ನಿನ್ನನ್ನು ಸೇರಿಸಲು ಬಂದ ದಿನ ಆ ಧರೆಯ ಮೇಲೆ ಹಸಿರು ಚೆನ್ನಾಗಿದೆ ಅಂದಿದ್ದೆ ನಾನು. ಬಂಡೆಯ ಮೇಲೆ ಇದೇ ಮಾತು ತಲೆಯಲ್ಲಿ ಸುತ್ತುತ್ತಿತ್ತು.

ಕೊನೆಗೆ ಗುರುತಿಲ್ಲದ ನಂಬರಿನಿಂದ ಎಸ್‌ಎಂಎಸ್ ಬಂತು. 'ಅಪ್ಪ ನಾನು ಚೆನ್ನಾಗಿದೀನಿ. ಕಲ್ಯಾಣ ಮಂಟಪದಲ್ಲಿ ಇದೀವಿ.' ನೀನು ಕಳಿಸಿದ್ದು ಹಿಂದಿನ ಸಂಜೆ. ಆ ರಾತ್ರಿಯೆಲ್ಲ ಅದು ಎಲ್ಲೋ ಸರ್ವರಿನಲ್ಲಿ ಕೂತಿತ್ತು, ನಾನು ಬಂಡೆಯ ಮೇಲಿದ್ದೆ. ಮುಂದಿನದು ನಿನಗೇ ಗೊತ್ತು.

ಉತ್ತರ ಬರದಿದ್ದರೆ ಟಿಸಿಪಿ ಮತ್ತೆ ಕಳಿಸುವ ಮುಂಚೆ ಸುಮ್ಮನೆ ಕಾಯುತ್ತದಂತೆ, ಮೊದಲು 1 ಸೆಕೆಂಡ್, ಆಮೇಲೆ 2, ಆಮೇಲೆ 4. ನಿನ್ನ ನೋಟ್‌ಬುಕ್ಕಿನ ಮಾರ್ಜಿನ್‌ನಲ್ಲಿದೆ. ಎಲ್ಲರೂ ಒಟ್ಟಿಗೆ ಮತ್ತೆ ಮತ್ತೆ ಕಳಿಸಿದರೆ ದಾರಿಯೇ ಕಟ್ಟಿಹೋಗುತ್ತದೆ ಅಂತ. ಓದಿ ಅಯ್ಯೋ ಅನ್ನಿಸಿತು. ಅವತ್ತು ಕೊಡಗಿನ ಅಪ್ಪಂದಿರೆಲ್ಲ ನನ್ನ ಹಾಗೇ ಒತ್ತುತ್ತಿದ್ದರಲ್ಲ. ಆದರೂ ಕಾಯೋಕೆ ಆಗುತ್ತಿರಲಿಲ್ಲ ಪುಟ್ಟಿ, ಈಗಲೂ ಆಗುವುದಿಲ್ಲ.

ಅದಾಗಿ ಎಷ್ಟೋ ವರ್ಷ ಆಯ್ತಪ್ಪ ಅನ್ನುತ್ತೀಯ. 2019ರ ಆಗಸ್ಟ್‌ನಲ್ಲಿ ತೋರ ಊರಿನಲ್ಲಿ ಗುಡ್ಡ ಜಾರಿತು. 2020ರ ಆಗಸ್ಟ್‌ನಲ್ಲಿ ತಲಕಾವೇರಿಯ ಬ್ರಹ್ಮಗಿರಿ ಬೆಟ್ಟ. ಆಶ್ಲೇಷ ಮಳೆ ಶುರುವಾದರೆ ನನಗೆ ಈಗಲೂ ನಿದ್ದೆ ಬರುವುದಿಲ್ಲ. ಅಮ್ಮ, ನಾನು ಹೇಗೋ ಇರುತ್ತೇವೆ. ತೋಟ ಬಿಟ್ಟು ಹೋಗೋಕಾಗಲ್ಲ, ಅಭ್ಯಾಸವೂ ಆಗಿದೆ. ನೀನೂ ಇಲ್ಲಿದ್ದರೆ ಮಾತ್ರ ಮಳೆಯ ಸದ್ದೇ ಬೇರೆ ಥರ ಕೇಳುತ್ತದೆ.

ಸೆಂಟರಿನಲ್ಲಿ ಬರೆದರೆ ಇನ್ನೊಂದು ಅನುಕೂಲ ಇದೆ. ಅಲ್ಲಿ ಒರೆಸಿ ಬರೆಯುವ ಒಂದು ಹಾಳೆ, ಮಾರ್ಕರ್ ಕೊಡುತ್ತಾರೆ. ಮನೆಯಲ್ಲಾದರೆ ಕಾಗದ ಮುಟ್ಟುವ ಹಾಗಿಲ್ಲ, ಸ್ಕ್ರೀನ್ ಮೇಲೆ ಮೌಸ್ ಹಿಡಿದು ಗೀಚಬೇಕು. ನೆಟ್‌ವರ್ಕನ್ನು ತುಂಡು ತುಂಡು ಮಾಡುವ ಸಬ್‌ನೆಟ್ ಲೆಕ್ಕ ನಿನಗೆ ಕೈಯಲ್ಲಿ ಬರೆದರೆ ಮಾತ್ರ ಹತ್ತುತ್ತದೆ. 192.168.10.130, ಸ್ಲ್ಯಾಷ್ 26 ಅಂದಾಗ 0, 64, 128, 192 ಅಂತ ಬರೆದುಕೊಂಡೆ, 128ರ ನೆಟ್‌ವರ್ಕ್ ಅಂದೆ, ಬ್ರಾಡ್‌ಕಾಸ್ಟ್ 191 ಅಂತಲೂ ಸರಿಯಾಗಿ ಹೇಳಿದೆ. ಕೊನೆಗೆ 64 ಹೋಸ್ಟ್ ಅಂದುಬಿಟ್ಟೆ. 62. ನೆಟ್‌ವರ್ಕಿಗೊಂದು, ಬ್ರಾಡ್‌ಕಾಸ್ಟಿಗೊಂದು, ಪ್ರತಿ ಸಲ ಆ ಎರಡು ಕಳೆಯೋದನ್ನೇ ಮರೆಯುತ್ತೀಯ. ಒಮ್ಮೆ ಉತ್ತರ ಕೊಟ್ಟು ಮುಂದೆ ಹೋದರೆ ಹಿಂದಕ್ಕೆ ಬರುವ ಹಾಗಿಲ್ಲ ಅಂತ ನೀನೇ ಹೇಳಿದ್ದೀಯಲ್ಲ, ನಿಧಾನಕ್ಕೆ ಮಾಡು.

ಫೀಸು 300 ಡಾಲರ್, ಮೇಲೆ ತೆರಿಗೆ ಅಂದೆ. ಮೆಣಸು ಮಾರಿದ ದುಡ್ಡಿನಲ್ಲಿ ನಿನ್ನ ಅಕೌಂಟಿಗೆ ಹಾಕಿದ್ದೇನೆ, ವಾಪಸ್ ಕೊಡ್ತೀನಿ ಅಂತ ಶುರು ಮಾಡಬೇಡ. ಫೇಲಾದರೂ ಪರವಾಗಿಲ್ಲ ಅಂತ ಬರೆಯಲು ಅಮ್ಮ ಹೇಳಿದಳು. ನನಗೆ ನೀನು ಪಾಸಾಗಬೇಕು.

ಸ್ಲಾಟ್ ಬುಕ್ ಮಾಡಿದ ಮೇಲೆ ತಾರೀಖು ಮೆಸೇಜ್ ಹಾಕು. ಫೋನ್ ಮಾಡಲೇಬೇಕು ಅಂತಿಲ್ಲ. ಮಾಡಿದರೆ ಅಮ್ಮನಿಗೆ ಕೊಡುತ್ತೇನೆ.

ಅಪ್ಪ