ಆ ರಾತ್ರಿ ಫೋನಿನಲ್ಲಿ ಸಿಕ್ಕ ಅಕ್ಕನಿಗೆ

ಅಕ್ಕಾ, ನಿಮ್ಮ ಹೆಸರು ಕೇಳುವುದೇ ಮರೆತುಹೋಯಿತು. ಗೆಳೆಯ ನಂಬರ್ ಒತ್ತಿ ಫೋನ್ ನನ್ನ ಕೈಗಿಟ್ಟಿದ್ದ, ಅಷ್ಟೇ ಪರಿಚಯ.

ಮೂರು ದಿನದಿಂದ ನಮ್ಮ ವೆಬ್‌ಸೈಟ್ ಸಂಜೆಯಾದರೆ ನಿಂತುಹೋಗುತ್ತಿತ್ತು. ಸೈಟಿನ ಡೇಟಾಬೇಸ್ ಆದ ಮೈಎಸ್‌ಕ್ಯೂಎಲ್ ಕೊಡುತ್ತಿದ್ದದ್ದು 1461 ಎಂಬ ದೋಷ. ರೀಸ್ಟಾರ್ಟ್ ಮಾಡಿದರೆ ಸರಿ, ಮರುದಿನ ಮತ್ತೆ ಅದೇ ಪಾಡು. ನಾನು ಸರ್ವರಿನ ಮೆಮೊರಿಯನ್ನೇ ಅನುಮಾನಿಸುತ್ತಿದ್ದೆ. ನೀವು ಕೇಳಿದ್ದು ಒಂದೇ ಪ್ರಶ್ನೆ: "ಪ್ರಿಪೇರ್ ಮಾಡಿದ್ದನ್ನ ಎಲ್ಲಿ ಕ್ಲೋಸ್ ಮಾಡ್ತಿದ್ದೀಯಪ್ಪ?"

ಡೇಟಾಬೇಸಿಗೆ ಕೇಳುವ ಪ್ರಶ್ನೆಯನ್ನು, ಅಂದರೆ ಕ್ವೆರಿಯನ್ನು, ಸರ್ವರಿನಲ್ಲಿ ಮೊದಲೇ ಸಿದ್ಧಮಾಡಿಡುವುದೇ ಪ್ರಿಪೇರ್; ಹಾಗೆ ಸಿದ್ಧವಾದದ್ದು ಸ್ಟೇಟ್‌ಮೆಂಟ್, ಕೆಲಸ ಮುಗಿದ ಮೇಲೆ ಅದನ್ನು ಕ್ಲೋಸ್ ಮಾಡಬೇಕು. ನಾನು ಎಲ್ಲೂ ಮಾಡಿರಲಿಲ್ಲ. ಗೋ ಭಾಷೆಯಲ್ಲಿ ಬರೆದ ಕೋಡ್. ಪ್ರತಿ ವಿನಂತಿಗೂ ಹೊಸ ಸ್ಟೇಟ್‌ಮೆಂಟ್. ಡೇಟಾಬೇಸ್ ಕನೆಕ್ಷನ್‌ಗಳು ಮರುಬಳಕೆಗೆಂದು ಪೂಲ್‌ನಲ್ಲಿ ಜೀವಂತವಾಗಿಯೇ ಇರುವುದರಿಂದ ಸ್ಟೇಟ್‌ಮೆಂಟ್‌ಗಳೂ ಸರ್ವರಿನಲ್ಲಿ ಹಾಗೇ ಉಳಿಯುತ್ತವೆ, 16,382 ಎಂಬ ಡೀಫಾಲ್ಟ್ ಮಿತಿ ಮುಟ್ಟಿದ ಮೇಲೆ ಹೊಸದಕ್ಕೆ ಜಾಗವಿಲ್ಲ, 1461 ಹೇಳುವುದು ಅದನ್ನೇ ಎಂದು ನೀವು ಬಿಡಿಸಿ ಹೇಳಿದಿರಿ. ಸರ್ವರ್ ಸ್ಟೇಟಸ್‌ನಲ್ಲಿ ಪ್ರಿಪೇರ್ ಆದವೆಷ್ಟು, ಕ್ಲೋಸ್ ಆದವೆಷ್ಟು ಎಂದು ಜೊತೆಗಿಟ್ಟು ನೋಡಿಸಿದಿರಿ. ಆ ಅಂತರ ಕಂಡಾಗ ಎದೆ ಧಸಕ್ಕೆಂದಿತು.

ಮಿತಿ ಹೆಚ್ಚಿಸಲಾ ಎಂದೆ. ಬೇಡವೆಂದಿರಿ, ಸರಿಯಾಗಿಯೇ. ಫಂಕ್ಷನ್ ಮುಗಿಯುವಾಗ ತಾನಾಗಿ ನಡೆಯುವಂತೆ ಮಾಡುವ ಗೋದ ಡಿಫರ್ ಹಾಕಿ ಸ್ಟೇಟ್‌ಮೆಂಟ್ ಮುಚ್ಚುವುದನ್ನು ಕಲಿಸಿದಿರಿ. ಲೂಪ್ ಒಳಗೆ ಡಿಫರ್ ಹಾಕಿದರೆ ಅದು ಫಂಕ್ಷನ್ ಮುಗಿಯುವವರೆಗೂ ಕಾಯುತ್ತದೆ ಎಂಬ ಎಚ್ಚರಿಕೆ ನನಗೆ ಯಾರೂ ಹೇಳಿರಲಿಲ್ಲ. ಪದೇ ಪದೇ ಬೇಕಾಗುವ ಕ್ವೆರಿಗಳನ್ನು ಒಮ್ಮೆ ಮಾತ್ರ ಪ್ರಿಪೇರ್ ಮಾಡಿ ಮರುಬಳಸುವುದೂ ನಿಮ್ಮಿಂದಲೇ ಗೊತ್ತಾಯಿತು.

ರಾತ್ರಿ ಹನ್ನೊಂದೂವರೆಗೆ, ಮಗುವನ್ನು ಮಲಗಿಸುತ್ತಲೇ ಮುಕ್ಕಾಲು ಗಂಟೆ ಮಾತಾಡಿದಿರಿ. ಸೈಟ್ ಆಮೇಲೆ ಒಮ್ಮೆಯೂ ನಿಂತಿಲ್ಲ ಅಕ್ಕಾ. ಮನಸಾರೆ ಧನ್ಯವಾದ.